ಡ್ರಾಯರಿಗೆ ಬಿದ್ದ ಎಕ್ಸ್‌ರೇ

ಉಡ ಬಾಗಿಲು ತಟ್ಟಿ ಒಳಗೆ ಬಂದಾಗಲೇ ಏನೋ ಎಡವಟ್ಟಾಗಿದೆ ಅಂದುಕೊಂಡೆ. ಹನ್ನೊಂದು ವರ್ಷದಲ್ಲಿ ಅವನು ನನ್ನ ಬಾಗಿಲು ತಟ್ಟಿದವನಲ್ಲ. ನೇರ ನುಗ್ಗಿ, ನನ್ನ ಚಹಾದ ಲೋಟವನ್ನು ಆಚೆ ಸರಿಸಿ, ಯಾವುದೋ ರೋಗಿಯ ಚಿತ್ರಗಳನ್ನು ಮೇಜಿನ ಮೇಲೆ ಹರವಿ, ವಾದಕ್ಕೆ ನಿಲ್ಲುವುದು ಅವನ ಪದ್ಧತಿ. ಅವತ್ತು ಕುರ್ಚಿಯ ಅಂಚಿನಲ್ಲಿ ಕೂತು, ಒಂದು ಸಹಿ ಬೇಕಿತ್ತು ಅಂದ.

ಅವನಿಗೆ ಉಡ ಅಂತ ಹೆಸರಿಟ್ಟವಳು ನಾನೇ. ಪೂರ್ತಿ ಕಟ್ಟಿಹೋದ ಹೃದಯದ ನಾಳದೊಳಗೆ ಕೂದಲೆಳೆಯಷ್ಟು ತೆಳ್ಳಗಿನ ತಂತಿ ತೂರಿಸಿ ದಾರಿ ಬಿಡಿಸುವುದು ನಮ್ಮ ಕಸುಬು. ಒಂದು ಗಂಟೆಯಲ್ಲಿ ಬೇರೆಯವರು ಕೈಚೆಲ್ಲುವ ಕಡೆ ಇವನು ಮೂರು ಗಂಟೆ ನಿಂತು, ಹಿಡಿದ ಪಟ್ಟು ಬಿಡದೆ, ಆಚೆ ದಡ ಸೇರಿಸಿಯೇ ಕೈಗವಸು ಬಿಚ್ಚುತ್ತಿದ್ದ. ಹೆಸರು ಎಷ್ಟು ಅಂಟಿತೆಂದರೆ ಅವನ ಹೆಂಡತಿಯೂ ಫೋನು ಮಾಡಿ, ನಿಮ್ಮ ಉಡ ಇನ್ನೂ ಹೊರಟಿಲ್ಲವಾ ಅಂತ ಕೇಳುತ್ತಿದ್ದಳು. ವಿಭಾಗದ ಮುಖ್ಯಸ್ಥೆಯಾಗಿ ನಾನು ತಯಾರು ಮಾಡಿದ ಇಪ್ಪತ್ತಾರು ಜನರಲ್ಲಿ ನನಗಿಂತ ಒಳ್ಳೆಯ ಕೈ ಅವನೊಬ್ಬನದೇ. ಇದನ್ನು ಅವನಿಗೆ ಒಂದು ಸಲವೂ ಹೇಳಿಲ್ಲ. ಹೊಗಳಿದರೆ ಕೈ ನಡುಗುತ್ತದೆ ಅನ್ನುವುದು ನಮ್ಮ ಕಾಲದವರ ಮೂಢನಂಬಿಕೆ.

ಸಹಿ ಬೇಕಿದ್ದದ್ದು ಕಣ್ಣಿನ ವರದಿಯ ಜೊತೆಗಿದ್ದ ಅರ್ಜಿಗೆ. ಮೂವತ್ತೇಳು ವರ್ಷದವನ ಎರಡೂ ಕಣ್ಣಿನ ಮಸೂರದ ಹಿಂಬದಿಗೆ ಪೊರೆ ಬಂದಿತ್ತು. ಪೊರೆ ತೆಗೆದು ಬೇರೆ ಮಸೂರ ಹಾಕಬಹುದು. ಆದರೆ ಕಣ್ಣಿನ ಡಾಕ್ಟರು, ಪೇಪರ್ ಓದಲು ಸಾಕಾದೀತು, ಆ ಮಸುಕು ಎಕ್ಸ್‌ರೇ ಪರದೆಯ ಮೇಲೆ ನಿಮ್ಮ ತಂತಿಯ ತುದಿ ಹುಡುಕಲು ಸಾಲುತ್ತದೆಂದು ಬರೆದುಕೊಡಲಾರೆ ಅಂದಿದ್ದರಂತೆ. ಎಕ್ಸ್‌ರೇ ಕೋಣೆಗೆ ಇನ್ನು ಕಾಲಿಡಬೇಡಿ ಅಂತಲೂ ಬರೆದಿದ್ದರು.

ಕೋಣೆಗೆ ಕಾಲಿಡಲಾಗದವನಿಗೆ ನಮ್ಮ ವಿಭಾಗದಲ್ಲಿ ಹುದ್ದೆಯಿಲ್ಲ. ಒಂದೇ ಒಂದು ದಾರಿಯಿದೆ. ಕಣ್ಣು ಹೋದದ್ದು ಈ ಕೆಲಸದಿಂದಲೇ ಅಂತ ಸಾಬೀತಾದರೆ ಆಸ್ಪತ್ರೆ ಅವನನ್ನು ಕೈಬಿಡುವಂತಿಲ್ಲ, ನಿವೃತ್ತಿಯವರೆಗೆ ಪಾಠ ಹೇಳುವ ಕೆಲಸ ಕೊಡಲೇಬೇಕು. ಅದನ್ನು ತೀರ್ಮಾನಿಸುವ ಸಮಿತಿ ಆರು ವಾರದ ನಂತರ ಒಂದು ಶುಕ್ರವಾರ ಕೂರುವುದಿತ್ತು. ಅರ್ಜಿಯ ನಾಲ್ಕನೆಯ ಕಲಮಿನಲ್ಲಿ ಕೇಳಿದ್ದದ್ದು ಇಷ್ಟು: ಅರ್ಜಿದಾರರ ಎಲ್ಲ ವರ್ಷಗಳ ವಿಕಿರಣ ಮಾಪಕ ಬ್ಯಾಡ್ಜ್ ಅಂಕಿಗಳನ್ನು ಲಗತ್ತಿಸಿ, ವಿಭಾಗದ ಮುಖ್ಯಸ್ಥರು ದೃಢೀಕರಿಸುವುದು.

ನಾಲ್ಕನೆಯ ಕಲಮನ್ನು ನಾನೂ ಓದಿದೆ, ಅವನೂ ಓದಿದ್ದ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಅರ್ಜಿ ಇಟ್ಟು ಹೋಗು, ನೋಡುತ್ತೇನೆ ಅಂದೆ.

ಈಗ ಒಂದು ಡ್ರಾಯರಿನ ಕಥೆ ಹೇಳಬೇಕು. ಹೇಳಲು ನನಗೇನೂ ಆಸೆಯಿಲ್ಲ.

ನಮ್ಮ ಕೋಣೆಯಲ್ಲಿ ರೋಗಿಯ ಎದೆಯ ಮೇಲೆ ಎಕ್ಸ್‌ರೇ ಓಡುತ್ತಲೇ ಇರುತ್ತದೆ, ಅದರ ಚಿತ್ರ ನೋಡಿಕೊಂಡೇ ನಾವು ತಂತಿ ನಡೆಸುವುದು. ರೋಗಿಗೆ ಅದು ಜನ್ಮಕ್ಕೊಮ್ಮೆ, ನಮಗೆ ದಿನಕ್ಕೆ ಆರು ಸಲ. ಮೈಗೆ ಸೀಸದ ಏಪ್ರನ್ ಇದೆ, ಏಳೆಂಟು ಕಿಲೋ ತೂಕ, ಇಪ್ಪತ್ತೊಂಬತ್ತು ವರ್ಷದಲ್ಲಿ ಅದು ನನ್ನ ಬೆನ್ನುಮೂಳೆಯ ಎರಡು ಬಿಲ್ಲೆಗಳನ್ನು ತಿಂದುಹಾಕಿದೆ. ಕಣ್ಣನ್ನು ಅದು ಕಾಯುವುದಿಲ್ಲ. ಯಾರಿಗೆ ಎಷ್ಟು ಎಕ್ಸ್‌ರೇ ತಗುಲಿತು ಅಂತ ಅಳೆಯಲು ಕತ್ತಿನಪಟ್ಟಿಗೆ ಸಿಕ್ಕಿಸುವ ಬೆಂಕಿಪೊಟ್ಟಣದಷ್ಟು ಬ್ಯಾಡ್ಜ್ ಕೊಡುತ್ತಾರೆ. ತಿಂಗಳ ಕೊನೆಗೆ ಅದು ವಿಕಿರಣ ಸುರಕ್ಷತೆಯ ಕಚೇರಿಗೆ ಹೋಗಿ, ಅಂಕಿಯಾಗಿ ವಾಪಸು ಬರುತ್ತದೆ. ಅಂಕಿ ಮಿತಿ ದಾಟಿದರೆ ಆ ಡಾಕ್ಟರನ್ನು ತಿಂಗಳುಗಟ್ಟಲೆ ಕೋಣೆಯಿಂದ ಹೊರಗಿಡುತ್ತಾರೆ.

ನಾನು ಸೇರಿದ ಹೊಸದರಲ್ಲಿ ಇಡೀ ಆಸ್ಪತ್ರೆಗೆ ಈ ಕೆಲಸ ಬಲ್ಲವರು ಇಬ್ಬರೇ. ಒಬ್ಬರು ಹೊರಗೆ ಕೂತರೆ ಕಾಯುವವರ ಸಾಲಿನಲ್ಲಿ ಯಾರೋ ಸಾಯುತ್ತಿದ್ದರು. ಹಾಗಾಗಿ ಕೆಲಸ ಜಾಸ್ತಿಯಿದ್ದ ವಾರ ಬ್ಯಾಡ್ಜನ್ನು ಕತ್ತಿನಿಂದ ತೆಗೆದು ಉಡುಪು ಬದಲಿಸುವ ಕೋಣೆಯ ಮೇಜಿನ ಡ್ರಾಯರಿಗೆ ಹಾಕಿದೆ. ಕಡಿಮೆಯಿದ್ದ ವಾರ ಹಾಕಿಕೊಂಡೆ. ಅದರಲ್ಲೂ ಒಂದು ಹದವಿತ್ತು. ಪೂರ್ತಿ ಸೊನ್ನೆ ಬಂದರೆ ಕಚೇರಿಗೆ ಅನುಮಾನ, ಜಾಸ್ತಿ ಬಂದರೆ ನಮಗೆ ರಜೆ. ನಾನು ಆ ಹದದಲ್ಲಿ ಎತ್ತಿದ ಕೈ. ಒಳ್ಳೆಯ ಕಾರಣಕ್ಕೇ ಶುರುವಾಯಿತು, ನಿಜ. ಆಮೇಲೆ ಡಾಕ್ಟರು ಎಂಟು ಜನರಾದರು, ಕಾರಣ ಹೋಯಿತು, ಡ್ರಾಯರು ಉಳಿಯಿತು.

ಉಡ ಬಂದ ಮೊದಲ ದಿನ ಬ್ಯಾಡ್ಜನ್ನು ಕತ್ತಿಗೆ ಸಿಕ್ಕಿಸಿಕೊಂಡು, ಶಾಲೆಗೆ ಹೊರಟವನ ಹಾಗೆ ತಲೆ ಬಾಚಿಕೊಂಡು ನಿಂತಿದ್ದ. ನಾನು ಮಾತಾಡುತ್ತಲೇ ಅದನ್ನು ಬಿಚ್ಚಿ ಡ್ರಾಯರಿಗೆ ಹಾಕಿ, ಬಾ ಕೆಲಸ ಕಲಿ ಅಂದೆ. ಅವನನ್ನು ಕೇಳಲಿಲ್ಲ. ಅವನು ನನ್ನ ಹಿಂದೆ ಬಂದ.

ಎರಡು ವರ್ಷ ಕಳೆದ ಮೇಲೆ ಅವನಿಗೆ ಪ್ರಬಂಧಕ್ಕೊಂದು ವಿಷಯ ಬೇಕಾಯಿತು. ಹತ್ತು ವರ್ಷದ ಬ್ಯಾಡ್ಜ್ ಅಂಕಿಗಳು ದಪ್ಪ ರಿಜಿಸ್ಟರಿನಲ್ಲಿ ಬಿದ್ದಿದ್ದವು. ಕೂಡು, ನೋಡೋಣ ಅಂದೆ. ಕೂಡಿದ. ನಾವು ಮಣಿಕಟ್ಟಿನ ಮೂಲಕ ತಂತಿ ತೂರಿಸುವ ವಿಧಾನದಲ್ಲಿ ವೈದ್ಯರಿಗೆ ತಗಲುವ ಎಕ್ಸ್‌ರೇ ಮಿತಿಯ ಐದನೆಯ ಒಂದು ಭಾಗವೂ ಇಲ್ಲ ಅಂತ ಅಂಕಿಗಳು ಮುತ್ತು ಪೋಣಿಸಿದ ಹಾಗೆ ಬಂದವು. ಅವನು ಒಂದೇ ಸಲ, ಬ್ಯಾಡ್ಜ್ ಡ್ರಾಯರಿನಲ್ಲಿದ್ದ ದಿನಗಳನ್ನು ಏನು ಮಾಡೋಣ ಅಂತ ಕೇಳಿದ. ಡ್ರಾಯರಿನ ವಿಷಯ ಡ್ರಾಯರಿನಲ್ಲೇ ಇರಲಿ ಅಂತ ನಕ್ಕೆ. ನನಗೆ ಆಗ ಸುಳ್ಳು ಹೇಳುತ್ತಿದ್ದೇನೆ ಅಂತ ಅನ್ನಿಸಲೇ ಇಲ್ಲ. ಇದನ್ನು ಯಾರೂ ನಂಬುವುದಿಲ್ಲ, ನಾನೂ ಪೂರ್ತಿ ನಂಬುವುದಿಲ್ಲ.

ಪ್ರಬಂಧ ದೊಡ್ಡ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಮೊದಲ ಹೆಸರು ಅವನದು, ಕೊನೆಯದು ನನ್ನದು. ಅದರ ಬಲದ ಮೇಲೆ ನನಗೆ ಪ್ರಾಧ್ಯಾಪಕ ಪೀಠ ಸಿಕ್ಕಿತು, ಅವನಿಗೆ ಹುದ್ದೆ ಸಿಕ್ಕಿತು. ಊರೂರಿನ ಸಭೆಗಳಲ್ಲಿ ಅದೇ ಚಿತ್ರಪಟಗಳನ್ನು ತೋರಿಸಿ ಚಪ್ಪಾಳೆ ಗಿಟ್ಟಿಸಿದೆ. ನನ್ನ ಯಜಮಾನರು ನಿವೃತ್ತ ಗಣಿತದ ಮೇಷ್ಟ್ರು. ಪ್ರಬಂಧವನ್ನು ಕನ್ನಡಕದ ಮೇಲಿಂದ ಓದಿ, ಇಷ್ಟು ಚೆಂದದ ಅಂಕಿ ತಮ್ಮ ಸೇವಾವಧಿಯಲ್ಲಿ ಎರಡೇ ಸಲ ನೋಡಿದ್ದು, ಎರಡು ಸಲವೂ ಮಕ್ಕಳು ನಕಲು ಹೊಡೆದಿದ್ದರು ಅಂದರು. ಹೊಟ್ಟೆಕಿಚ್ಚು ಅಂತ ರೇಗಿಸಿ ದೀಪ ಆರಿಸಿದೆ.

ಮಾಡಿದ್ದುಣ್ಣೋ ಮಹರಾಯ ಅನ್ನುತ್ತಾರಲ್ಲ, ಉಣ್ಣಲು ತಡವಾಗಲಿಲ್ಲ. ಮೂರನೆಯ ಕೋಣೆ ಕಟ್ಟಿದಾಗ ಮೇಲಿಂದ ತೂಗುಬಿಡುವ ಸೀಸದ ಗಾಜು ಬೇಕು ಅಂತ ಬರೆದೆ. ಡಾಕ್ಟರ ಮುಖಕ್ಕೂ ಎಕ್ಸ್‌ರೇಗೂ ನಡುವೆ ಅಡ್ಡ ನಿಲ್ಲುವುದು ಅದೊಂದೇ. ನಿಮ್ಮದೇ ಅಧ್ಯಯನದ ಪ್ರಕಾರ ಇದರ ಅಗತ್ಯ ಕಂಡುಬರುವುದಿಲ್ಲ ಅಂತ ಉತ್ತರ ಬಂತು, ಪುಟದ ಸಂಖ್ಯೆಯ ಸಮೇತ. ಹಾಗಾಗಿ ಮೂರನೆಯ ಕೋಣೆಗೆ ಗಾಜಿಲ್ಲ. ಉದ್ದದ, ಕಷ್ಟದ ಕೇಸುಗಳು ನಡೆಯುವುದು ಅಲ್ಲಿಯೇ. ಅಂದರೆ ಉಡನ ಕೋಣೆ ಅದು.

ನಾಲ್ಕು ವರ್ಷದ ಹಿಂದೆ ನನ್ನ ಎಡಗಣ್ಣಿಗೂ ಪೊರೆ ಬಂದಿತ್ತು. ಕಣ್ಣಿನ ಡಾಕ್ಟರು ನನ್ನ ಹಳೆಯ ಸಹಪಾಠಿ. ಇದು ವಯಸ್ಸಿನ ಪೊರೆಯಲ್ಲ, ಇದು ಬೇರೆ ಜಾಗದಲ್ಲಿ ಕೂತಿದೆ, ನೀನು ಎಂಥ ಕೋಣೆಯಲ್ಲಿ ನಿಲ್ಲುತ್ತೀಯ ಅಂತ ನನಗೇ ಗೊತ್ತು ಅಂದರು. ವಯಸ್ಸಿನದು ಅಂತಲೇ ಬರೆಯಿರಿ ಅಂದೆ. ಬರೆದರು. ಒಂದು ವಾರ ರಜೆ ಹಾಕಿ ವಾಪಸು ಬಂದಾಗ ಹುಡುಗರೆಲ್ಲ ಅಜ್ಜಿಯಾದಿರಿ ಅಂತ ತಮಾಷೆ ಮಾಡಿದರು, ನಾನೂ ನಕ್ಕೆ. ಪಕ್ಕದಲ್ಲಿ ಉಡನೂ ನಗುತ್ತಿದ್ದ. ಆವತ್ತು ಬಾಯಿಬಿಟ್ಟಿದ್ದರೆ ಅವನ ಕಣ್ಣು ಉಳಿಯುತ್ತಿತ್ತೋ ಏನೋ. ಅರ್ಜಿ ನನ್ನ ಮೇಜಿನ ಮೇಲಿದ್ದ ಆ ವಾರವೆಲ್ಲ ಇದೊಂದೇ ಯೋಚನೆ ಒಳಗೆ ಕೊರೆಯುತ್ತಿತ್ತು.

ಲೆಕ್ಕ ಹಾಕಿದೆ. ಇದ್ದ ಅಂಕಿಗಳನ್ನೇ ದೃಢೀಕರಿಸಿದರೆ, ಕೋಣೆಯಿಂದ ಇವನಿಗೆ ಏನೂ ಆಗಿಲ್ಲ ಅಂತ ಸಮಿತಿ ಹೇಳುತ್ತದೆ, ಹುದ್ದೆ ಹೋಗುತ್ತದೆ. ಅಂಕಿಗಳು ಸುಳ್ಳು ಅಂತ ಬರೆದರೆ ಪ್ರಬಂಧ ಬೀಳುತ್ತದೆ. ಬೀಳುವಾಗ ಮೊದಲು ಬೀಳುವುದು ಮೊದಲ ಹೆಸರು. ಸುಳ್ಳು ಅಂಕಿ ಕೂಡಿಸಿದವನಿಗೆ ಪಾಠ ಹೇಳುವ ಕೆಲಸ ಯಾರು ಕೊಡುತ್ತಾರೆ? ನನ್ನ ಪೀಠ, ನನ್ನ ಹೆಸರು, ಗೋಡೆಯ ಮೇಲಿನ ಫಲಕಗಳು ಹೇಗೂ ಹೋಗುತ್ತವೆ. ಅದಕ್ಕೆ ನಾನು ಹೆದರಲಿಲ್ಲ ಅಂದರೆ ಇನ್ನೊಂದು ಸುಳ್ಳಾಗುತ್ತದೆ. ಬಹಳ ಹೆದರಿದ್ದೆ. ಐವತ್ತೆಂಟು ವರ್ಷದಲ್ಲಿ ನನಗೆ ಬೇರೆ ಕೆಲಸ ಬರುವುದಿಲ್ಲ, ಈ ಕೋಣೆ ಬಿಟ್ಟರೆ ಬೇರೆ ಮನೆಯೂ ಇಲ್ಲ ಅನ್ನುವಷ್ಟು ಇಲ್ಲೇ ಬದುಕಿದ್ದೇನೆ. ಅತ್ತ ದರಿ, ಇತ್ತ ಪುಲಿ.

ಕೊನೆಗೆ ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಅನ್ನುವ ಹಂಚಿಕೆ ಹೂಡಿದೆ. ಒಂದು ತಿಂಗಳು ಬ್ಯಾಡ್ಜನ್ನು ಪ್ರಾಮಾಣಿಕವಾಗಿ ಹಾಕಿಕೊಂಡು, ಮೂರನೆಯ ಕೋಣೆಯಲ್ಲಿ ಉಡನ ಕೇಸುಗಳನ್ನೆಲ್ಲ ನಾನೇ ಮಾಡುವುದು. ನಿಜವಾದ ಅಂಕಿ ಬರುತ್ತದೆ. ಆ ಅಂಕಿಯನ್ನು ಅರ್ಜಿಗೆ ಲಗತ್ತಿಸಿ, ಮೂರನೆಯ ಕೋಣೆಯ ಪರಿಸ್ಥಿತಿ ಹೀಗಿದೆ ನೋಡಿ ಅಂತ ಬರೆದರೆ ಸಮಿತಿಗೆ ಸಾಕು. ಹಳೆಯ ಡ್ರಾಯರು ಮುಚ್ಚಿದ ಹಾಗೆಯೇ ಇರುತ್ತದೆ.

ಬ್ಯಾಡ್ಜುಗಳನ್ನು ಕೂಡಿಸಿ ಕಳಿಸುವವಳು ನಮ್ಮ ಟೆಕ್ನಿಷಿಯನ್. ಡೈರೆಕ್ಟರಿಂದ ಹಿಡಿದು ನೆಲ ಒರೆಸುವವರವರೆಗೆ ಎಲ್ಲರಿಗೂ ಅವಳು ಅಕ್ಕ. ಗಾಜಿನ ಗೋಡೆಯ ಆಚೆ ಕೂತು ಯಂತ್ರ ನಡೆಸುತ್ತಾಳೆ, ತನ್ನ ಬ್ಯಾಡ್ಜನ್ನು ಒಂದು ದಿನವೂ ಬಿಚ್ಚಿದವಳಲ್ಲ. ನಾನು ಬ್ಯಾಡ್ಜ್ ಸಿಕ್ಕಿಸಿಕೊಂಡು ಒಳಗೆ ಬಂದದ್ದು ಕಂಡು ಅವಳ ಹುಬ್ಬು ಮೇಲೇರಿತು.

ಆ ತಿಂಗಳು ನನ್ನ ಜನ್ಮದಲ್ಲೇ ಉದ್ದದ್ದು. ಬೆನ್ನು ಹಿಡಿದುಕೊಂಡು, ಒಂದೊಂದು ಕೇಸಿಗೆ ಎರಡೆರಡು ಗಂಟೆ ನಿಂತೆ. ಉಡ ಮಾಡುತ್ತಿದ್ದ ತಿರುವುಗಳು ನನ್ನ ಕೈಗೆ ಬರುತ್ತಿರಲಿಲ್ಲ, ಎರಡು ನಾಳಗಳನ್ನು ಬಿಡಿಸಲಾಗದೆ ಹೊರಗೆ ಬಂದು ರೋಗಿಗಳ ಮನೆಯವರಿಗೆ ಹೇಳಬೇಕಾಯಿತು. ಅವನು ಹೊರಗಿನ ಹಜಾರದಲ್ಲಿ ಹಳೆಯ ರೋಗಿಗಳ ರಕ್ತದೊತ್ತಡ ನೋಡುತ್ತ ಕೂತಿರುತ್ತಿದ್ದ. ಕಾಗದವನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ಓದುತ್ತಿದ್ದ. ದಿನಕ್ಕೊಮ್ಮೆ ನನ್ನ ಕಣ್ಣಿಗೆ ಬೀಳುತ್ತಿದ್ದ, ಅರ್ಜಿಯ ಸುದ್ದಿ ಕೇಳುತ್ತಿರಲಿಲ್ಲ. ಆಗುತ್ತದೆ, ಆಗುತ್ತದೆ ಅಂತ ನಾನೇ ಹೇಳಿ ಮುಂದೆ ಹೋಗುತ್ತಿದ್ದೆ. 

ಸಮಿತಿ ಕೂರುವ ವಾರ, ಮಂಗಳವಾರ ಬೆಳಗ್ಗೆ, ಉಡುಪು ಬದಲಿಸುವ ಕೋಣೆಯಲ್ಲಿ ಅಕ್ಕ ಲಕೋಟೆ ತಂದುಕೊಟ್ಟಳು. ಒಂದು ತಿಂಗಳಲ್ಲೇ ವರ್ಷದ ಮಿತಿಯ ಮೂರನೆಯ ಒಂದು ಭಾಗ ತಗುಲಿತ್ತು. ನನ್ನ ಮೈಗೆ ಆದ ಕೆಡುಕಿನ ಸುದ್ದಿ ಓದಿ ನಾನು ಖುಷಿಪಟ್ಟೆ. ಅದರ ಕೆಳಗೆ ನಾಲ್ಕು ಸಾಲಿದ್ದವು. ಈ ಅಂಕಿಯು ತಮ್ಮ ವಿಭಾಗದ ಈವರೆಗಿನ ದಾಖಲೆಗಾಗಲೀ ತಮ್ಮದೇ ಪ್ರಕಟಿತ ಅಧ್ಯಯನಕ್ಕಾಗಲೀ ಹೊಂದುವುದಿಲ್ಲವಾದ್ದರಿಂದ ಬ್ಯಾಡ್ಜ್ ದೋಷಯುಕ್ತವೆಂದು ಪರಿಗಣಿಸಿ ಅಂಕಿಯನ್ನು ರದ್ದುಪಡಿಸಲಾಗಿದೆ. ತೊಂದರೆಗೆ ವಿಷಾದಿಸುತ್ತೇವೆ. ಹೊಸ ಬ್ಯಾಡ್ಜ್ ಲಗತ್ತಿಸಿದೆ.

ಲಕೋಟೆಯನ್ನು ತಲೆಕೆಳಗು ಮಾಡಿದೆ. ಹೊಸ ಬ್ಯಾಡ್ಜ್ ಅಂಗೈಗೆ ಬಿತ್ತು. ಅಕ್ಕ ಹೋಗದೆ ಅಲ್ಲಿಯೇ ನಿಂತಿದ್ದಳು.

"ಹದಿನೆಂಟು ವರ್ಷದಿಂದ ಡ್ರಾಯರಿಗೆ ಎಷ್ಟು ಎಕ್ಸ್‌ರೇ ಬಿತ್ತು ಅಂತ ಕಳಿಸ್ತಾ ಬಂದಿದ್ದೀನಿ ಮೇಡಂ," ಅಂದಳು. "ಈಗ ಮನುಷ್ಯರದ್ದು ಕಳಿಸಿದ್ರೆ ಅವರಾದ್ರೂ ಹೇಗೆ ನಂಬ್ತಾರೆ?"

ರೇಗಿತು. ಮೊದಲೇ ಯಾಕೆ ಬೊಗಳಲಿಲ್ಲ ಅನ್ನುವ ಮಾತು ಬಾಯಿಗೆ ಬಂತು, ನುಂಗಿಕೊಂಡೆ. ಅವಳು ಹೇಳಿದ್ದಳು. ಮೊದಲ ವರ್ಷವೇ, ಎರಡು ಸಲ, ಮೇಡಂ ಬ್ಯಾಡ್ಜ್ ಮರೆತಿರಿ ಅಂದಿದ್ದಳು. ನಿನ್ನ ಕೆಲಸ ನೀನು ನೋಡಿಕೋ ಅಂದವಳು ನಾನು.

ಅವತ್ತು ಮಧ್ಯಾಹ್ನ ಪತ್ರಿಕೆಯ ಸಂಪಾದಕರಿಗೊಂದು, ಸಮಿತಿಗೊಂದು ಕಾಗದ ಬರೆದೆ. ಇಪ್ಪತ್ತೊಂಬತ್ತು ವರ್ಷದಲ್ಲಿ ಅಷ್ಟು ಚಿಕ್ಕದಾಗಿ ನಾನು ಏನನ್ನೂ ಬರೆದಿರಲಿಲ್ಲ. ಬ್ಯಾಡ್ಜುಗಳು ಡ್ರಾಯರಿನಲ್ಲಿದ್ದವು, ಹಾಗೆ ಇಡಿಸಿದವಳು ನಾನು, ಅಂಕಿಗಳು ಸುಳ್ಳು, ಪ್ರಬಂಧವನ್ನು ಹಿಂದಕ್ಕೆ ಪಡೆಯುತ್ತಿದ್ದೇವೆ. ಕೆಳಗೆ ಎರಡು ಗೆರೆ, ಮೊದಲ ಲೇಖಕನಿಗೊಂದು, ನನಗೊಂದು. ನಾನೊಬ್ಬಳೇ ಸಹಿ ಹಾಕಿ ಕಳಿಸಿಬಿಡಬಹುದಿತ್ತು. ಆದರೆ ಅವನನ್ನು ಕೇಳದೆ ಅವನ ಕತ್ತಿನಿಂದ ಒಂದು ಸಲ ಬ್ಯಾಡ್ಜ್ ಕಿತ್ತಿದ್ದೇನೆ, ಎರಡನೆಯ ಸಲ ಕೇಳದೆ ಅವನ ಹೆಸರನ್ನು ಕೀಳಲು ನನಗೆ ಧೈರ್ಯವಾಗಲಿಲ್ಲ.

ಅವನನ್ನು ಉಡುಪು ಬದಲಿಸುವ ಕೋಣೆಗೆ ಕರೆಸಿದೆ. ಗೋಡೆಯ ಗೂಟಗಳಿಗೆ ಸೀಸದ ಏಪ್ರನ್ನುಗಳು ನೇತಾಡುತ್ತಿದ್ದವು, ಅವನದು ಆರು ವಾರದಿಂದ ಮುಟ್ಟದೆ ಹಾಗೆಯೇ ಇತ್ತು. ಅವನು ಕಾಗದವನ್ನು ಮೂಗಿನ ಹತ್ತಿರ ಹಿಡಿದು ಓದಿದ. ತಿರುಗಿ ಮೊದಲಿಂದ ಓದಿದ. ಇದಕ್ಕೆ ಸಹಿ ಹಾಕಿದರೆ ಪಾಠ ಹೇಳುವ ಕೆಲಸವೂ ಸಿಗದೆ ಹೋಗಬಹುದು, ಹಾಕದಿದ್ದರೆ ಖಂಡಿತ ಸಿಗುವುದಿಲ್ಲ, ಬೇಡ ಅಂದರೆ ಹರಿದು ಹಾಕುತ್ತೇನೆ, ನಿನ್ನ ಇಷ್ಟ ಅಂದೆ. ಹೇಳುವಾಗಲೇ ಎಂಥ ಇಷ್ಟವನ್ನು ಅವನ ಕೈಗೆ ಕೊಡುತ್ತಿದ್ದೇನೆ ಅಂತ ನಾಚಿಕೆಯಾಯಿತು.

ಅವನು ಕಾಗದ ಕೆಳಗಿಟ್ಟ.

"ಒಂದು ಕೇಳ್ತೀನಿ ಮೇಡಂ. ನಾಲ್ಕು ವರ್ಷದ ಹಿಂದೆ ನಿಮ್ಮ ಕಣ್ಣಿನ ಆಪರೇಷನ್ ಆಯ್ತಲ್ಲ. ಅದು ವಯಸ್ಸಿಂದ ಬಂದದ್ದಲ್ಲ ಅಂತ ನಿಮಗೆ ಗೊತ್ತಿತ್ತಾ?"

ಗೊತ್ತಿರಲಿಲ್ಲ ಅನ್ನಬಹುದಿತ್ತು. ವಯಸ್ಸಿನದು ಅಂತ ಬರೆಸಿಕೊಂಡ ಚೀಟಿಯೂ ಇತ್ತು.

"ಗೊತ್ತಿತ್ತು," ಅಂದೆ.

ಬೈಯುತ್ತಾನೆ ಅಂತ ಕಾದೆ. ಬೈದರೆ ನನಗೆ ಸಮಾಧಾನವಾಗುತ್ತಿತ್ತು. ಅವನು ಎದ್ದು ಹೋಗಿ ಮೇಜಿನ ಡ್ರಾಯರನ್ನು ಎಳೆದ. ತುಂಬಾ ದಿನದಿಂದ ನಾನು ಅದರೊಳಗೆ ನೋಡಿರಲಿಲ್ಲ. ಪೆನ್ನಿನ ಮುಚ್ಚಳಗಳ, ರಬ್ಬರ್ ಬ್ಯಾಂಡುಗಳ ನಡುವೆ ಅವನದೊಂದು ಹಳೆಯ ಬ್ಯಾಡ್ಜ್ ಇತ್ತು. ಅದರ ಪಕ್ಕದಲ್ಲಿ ಹೊಳೆಯುವ ಹೊಸವು ಮೂರು ಇದ್ದವು. ಹೋದ ವರ್ಷ ಸೇರಿದ ಮೂವರು ರೆಸಿಡೆಂಟ್ ಡಾಕ್ಟರುಗಳ ಹೆಸರು ಅವುಗಳ ಮೇಲಿತ್ತು. ಅವರಿಗೆ ನಾನು ಡ್ರಾಯರಿನ ಸುದ್ದಿ ಎತ್ತಿರಲೇ ಇಲ್ಲ.

"ಇವನ್ನ ಇಲ್ಲಿ ಇಡಿಸಿದವನು ನಾನು," ಅಂದ. "ಅಷ್ಟೊತ್ತಿಗೆ ನಂಗೆ ಎಡಗಣ್ಣು ಮಂಜಾಗೋಕೆ ಶುರುವಾಗಿತ್ತು. ಯಾಕೆ ಅಂತ ಗೊತ್ತಿತ್ತು. ಗೊತ್ತಿದ್ದೂ ಬಿಚ್ಚಿಸಿದೆ. ಪ್ರಬಂಧಕ್ಕೆ ಏನೂ ಆಗಬಾರದು ಅಂತ."

ಇಷ್ಟು ದಿನ ಅವನ ಕಣ್ಣು ಕಳೆದೆ ಅಂತ ಒಳಗೊಳಗೆ ಬೇಯುತ್ತಿದ್ದೆ. ಅದಕ್ಕಿಂತ ಕೆಟ್ಟದ್ದನ್ನೂ ಮಾಡಿದ್ದೆ. ನನ್ನ ಇಪ್ಪತ್ತಾರು ಜನರಲ್ಲಿ ಅತ್ಯುತ್ತಮನಾದವನು ನಾನು ಕಲಿಸಿದ್ದನ್ನೆಲ್ಲ ಸರಿಯಾಗಿ ಕಲಿತಿದ್ದ.

ಅವನು ಪೆನ್ನು ಕೇಳಿದ. ಕೊಟ್ಟೆ. ತಂತಿಯ ತುದಿಯನ್ನು ಅರ್ಧ ಮಿಲಿಮೀಟರಿನಷ್ಟು ಸರಿಸಿ ನಿಲ್ಲಿಸಬಲ್ಲ ಆ ಕೈ ಕಾಗದದ ಮೇಲೆ ಗೆರೆ ಹುಡುಕಿತು, ಒಂದು ಸಲ ತಡವರಿಸಿತು, ಸಹಿ ಹಾಕಿತು. ಸಹಿ ಅವನ ಗೆರೆಯ ಮೇಲೆ ಕೂರಲಿಲ್ಲ, ಕೆಳಗೆ ಜಾರಿ ನನ್ನ ಹೆಸರಿನ ಮೇಲೆ ಬಿತ್ತು. ಸರಿಯಾಗಿದೆಯಾ ಮೇಡಂ ಅಂತ ಕೇಳಿದ. ಸರಿಯಾಗಿದೆ ಅಂದೆ. ಎರಡನೆಯ ಕಾಗದಕ್ಕೆ ಗೆರೆ ಎಲ್ಲಿದೆ ಅಂತ ಅವನ ಬೆರಳು ಹಿಡಿದು ತೋರಿಸಿದೆ. ಆಮೇಲೆ ಎರಡರಲ್ಲೂ ಉಳಿದ ಜಾಗದಲ್ಲಿ ನನ್ನ ಸಹಿ ಹಾಕಿದೆ.

ಹೊರಗಿನಿಂದ ಅಕ್ಕ ಕೂಗಿದಳು, ಮೂರನೆಯ ಕೋಣೆಯ ರೋಗಿಯನ್ನು ಮೇಜಿನ ಮೇಲೆ ಮಲಗಿಸಿಯಾಗಿದೆ, ಹೊಸಬರು ಮೂವರೂ ಕೈ ತೊಳೆದು ನಿಂತಿದ್ದಾರಂತೆ. ಕಾಗದಗಳನ್ನು ಅವಳ ಕೈಗೆ ಕೊಟ್ಟು, ಈಗಲೇ ಕಳಿಸು ಅಂದೆ. ಡ್ರಾಯರಿನಿಂದ ಮೂರು ಬ್ಯಾಡ್ಜ್ ತೆಗೆದುಕೊಂಡು ಒಳಗೆ ಹೋದೆ. ಒಬ್ಬೊಬ್ಬರ ಕತ್ತಿನಪಟ್ಟಿಗೂ ನಾನೇ ಸಿಕ್ಕಿಸಿದೆ. ಅವರು ಗಾಬರಿಯಿಂದ ನನ್ನ ಹಿಂದೆ ಬಾಗಿಲ ಕಡೆ ನೋಡುತ್ತಿದ್ದರು, ಉಡ ಬಂದು ಏನು ಮಾಡಬೇಕೆಂದು ಹೇಳುತ್ತಾನೆ ಅಂತ.